ವಿದ್ಯುಚ್ಛಕ್ತಿಯೂ ಅದನ್ನು ಹೊರುವ ದ್ರವ್ಯಗಳೂ: ಗೋಕಾಕದಿಂದ ಮಚ್ಛೆಯವರೆಗೆ

ಪಾಠಶಾಲೆಯ ಹಳೆಯ ಕ್ರಮದಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ತೇಜಸ್ಸಿನ ಪ್ರಕರಣವು ಮರೆಯುವಂಥದಲ್ಲ. ಅನ್ನಂಭಟ್ಟನು ಅಲ್ಲಿ ತೇಜಸ್ಸನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಮಿಂಚು ಮೊದಲಾದವುಗಳನ್ನು ನೀರೇ ಇಂಧನವಾಗಿರುವ ದಿವ್ಯ ತೇಜಸ್ಸೆಂದೂ, ಚಿನ್ನವೇ ಮೊದಲಾದವುಗಳನ್ನು ಗಣಿಯಲ್ಲಿ ಹುಟ್ಟಿದ ತೇಜಸ್ಸೆಂದೂ ಎಣಿಸಿರುವನು. ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಹೋಗಿ ಮುಟ್ಟಿದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು, ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹಿಗ್ಗುವವರು ಇಲ್ಲದಿಲ್ಲ. ಅದು ಕಾಕತಾಳೀಯವೇ ಹೊರತು ಮತ್ತೇನೂ ಅಲ್ಲ. ಅನ್ನಂಭಟ್ಟನ ಕಣ್ಣಮುಂದೆ ಇದ್ದುದು ಮಳೆಗಾಲದ ಮೋಡ, ಜಲಚಕ್ರವಲ್ಲ. ಆದರೆ ಅದೇ ಶಾಸ್ತ್ರದ ಇನ್ನೊಂದು ಸಿದ್ಧಾಂತವು ಪ್ರಕೃತ ವಿಷಯವನ್ನು ತಿಳಿಯುವದಕ್ಕೆ ಬಹಳ ನೆರವಾಗುವದು. ಗುಣವೆಂಬದು ದ್ರವ್ಯವನ್ನು ಆಶ್ರಯಿಸಿಯೇ ಇರತಕ್ಕದ್ದು, ದ್ರವ್ಯವನ್ನು ಬಿಟ್ಟು ಅದು ನಿಲ್ಲಲಾರದು ಎಂಬದೇ ಆ ಸಿದ್ಧಾಂತ.

ಕರ್ನಾಟಕದಲ್ಲಿ ವಿದ್ಯುಚ್ಛಕ್ತಿಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಜಲಪಾತಗಳ ಹೆಸರುಗಳನ್ನೂ ದಿವಾನರ ಹೆಸರುಗಳನ್ನೂ ದೀಪ ಹತ್ತಿದ ತಾರೀಖುಗಳನ್ನೂ ಹೇಳಿ ಮುಗಿಸುವರು. ಶಕ್ತಿಯನ್ನು ಹೊತ್ತ ದ್ರವ್ಯಗಳ ಸುದ್ದಿಯನ್ನು ಯಾರೂ ಎತ್ತುವದಿಲ್ಲ. ಆದರೆ ನಾಡಿನಲ್ಲಿ ನೀರಿಗಾಗಲಿ ಗಾಳಿಗಾಗಲಿ ಬಿಸಿಲಿಗಾಗಲಿ ಎಂದೂ ಬರವಿರಲಿಲ್ಲ. ಬರವಿದ್ದುದು ಅವುಗಳನ್ನು ಹಿಡಿದು ತರುವ ಹಗ್ಗಕ್ಕೆ, ತಂತಿಗೆ, ಪಿಂಗಾಣಿಗೆ, ಸಿಲಿಕಾನಿಗೆ. ಈ ದೃಷ್ಟಿಯಿಂದ ನೋಡಿದರೆ ಕಥೆಯು ಬೆಳಗಾವಿ ಜಿಲ್ಲೆಯಲ್ಲಿಯೇ ಆರಂಭವಾಗಿ, ಹೊರಗೆ ಬಹಳ ದೂರ ಸುತ್ತಿ, ಮತ್ತೆ ಈ ಜಿಲ್ಲೆಗೇ ಬಂದು ನಿಲ್ಲುವದು.

ಘಟಪ್ರಭೆಯು ಗೋಕಾಕದ ಹತ್ತಿರ ಸುಮಾರು ೧೭೦ ಫೂಟು ಆಳಕ್ಕೆ ಧುಮುಕುವದನ್ನು ಈ ಸೀಮೆಯಲ್ಲಿ ಕಾಣದವರು ವಿರಳ. ೧೮೮೫ರಲ್ಲಿ ಗೋಕಾಕ ವಾಟರ್ ಪವರ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪಿತವಾಗಿ, ೧೮೮೭ರಲ್ಲಿ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿಯು ನಡೆಯಲಾರಂಭಿಸಿತು. ಏಷ್ಯಾ ಖಂಡದಲ್ಲಿಯೇ ಮೊದಲು ವಿದ್ಯುತ್ತು ಹುಟ್ಟಿದ್ದು ಇಲ್ಲಿ, ಅದೂ ಆ ೧೮೮೭ರಲ್ಲಿಯೇ, ಎಂದು ಜಲಪಾತವನ್ನು ತೋರಿಸುವವರು ಪ್ರತಿಯೊಬ್ಬ ಪ್ರವಾಸಿಗೂ ಹೇಳುವರು. ಇದು ಜಿಲ್ಲೆಯ ಅಭಿಮಾನದ ಮಾತು. ಆದರೂ ಇತಿಹಾಸದಲ್ಲಿ ಅಭಿಮಾನವು ಸಾಕ್ಷಿಯಾಗಲಾರದು. ಗಿರಣಿಯನ್ನು ಮೊದಲು ತಿರುಗಿಸಿದ್ದು ವಿದ್ಯುತ್ತಲ್ಲ, ಹಗ್ಗ. ಕೊಳ್ಳದ ತಳದಲ್ಲಿ ನೀರಿನ ಒತ್ತಡದಿಂದ ಜಲಚಕ್ರಗಳು ತಿರುಗುತ್ತಿದ್ದವು. ಅವುಗಳ ತಿರುಗಾಟವನ್ನು ದೊಡ್ಡ ಗಾಲಿಗಳ ಮೇಲಿಂದ ಓಡುವ ಹಗ್ಗಗಳು ಮೇಲಿನ ಗಿರಣಿಗೆ ಸಾಗಿಸುತ್ತಿದ್ದವು. ನೀರಿನ ಬಲದಿಂದ ವಿದ್ಯುತ್ತನ್ನು ಪಡೆದು ಊರಿಗೆ ಹಂಚಿದ ಮೊದಲಿಗತನವು ಹಿಂದುಸ್ಥಾನದಲ್ಲಿ ದಾರ್ಜಿಲಿಂಗಿನದು. ಅದರ ವರ್ಷವು ೧೮೯೭. ಗೋಕಾಕದ್ದು ಅದಕ್ಕೂ ೧೦ ವರ್ಷ ಹಿಂದಿನ ಜಲಶಕ್ತಿ. ವಿದ್ಯುತ್ತೆಂಬ ಹೆಸರು ಅದಕ್ಕೆ ಆಗ ಸಲ್ಲದಿದ್ದರೂ ಅದರ ಹಿರಿತನವೇನೂ ಕುಂದುವದಿಲ್ಲ.

ಹಗ್ಗದಿಂದ ಶಕ್ತಿಯನ್ನು ಸಾಗಿಸುವ ಈ ಉಪಾಯವನ್ನು ೧೮೫೦ರಲ್ಲಿ ಅಲ್ಸೇಸ್ ಪ್ರಾಂತದ ಹಿರ್ನ್ ಎಂಬವರು ಬಳಕೆಗೆ ತಂದರು. ವಿದ್ಯುತ್ತಿನ ತಂತಿಯು ಬರುವದಕ್ಕೆ ಮುಂಚೆ ಯುರೋಪಿನಲ್ಲಿ ದೂರಕ್ಕೆ ಬಲವನ್ನು ಮುಟ್ಟಿಸಲು ಇದ್ದ ಉತ್ತಮ ಸಾಧನ ಅದೇ. ಗುಣವೂ ದೋಷವೂ ಎರಡೂ ಹಗ್ಗದಲ್ಲಿಯೇ ಇದ್ದವು. ಹಗ್ಗವು ವೇಗವಾಗಿ ಓಡಿದಷ್ಟೂ ಹೆಚ್ಚು ಬಲವನ್ನು ಒಯ್ಯುವದು. ಆದರೆ ಓಡಿದಷ್ಟೂ ಸವೆಯುವದು. ಗಾಲಿಗೆ ಸುತ್ತಿ ಬಾಗುವಾಗಲೆಲ್ಲ ಅದರ ಎಳೆಗಳು ದಣಿದು ಒಂದೊಂದಾಗಿ ಹರಿಯುವವು. ಮಳೆಗೆ ಬಿಗಿಯುವದು, ಬಿಸಿಲಿಗೆ ಸಡಿಲುವದು. ನಡುನಡುವೆ ಗಾಲಿಗಳ ಕಂಬಗಳನ್ನು ನಿಲ್ಲಿಸಬೇಕು. ಪ್ರತಿ ಗಾಲಿಯೂ ತನ್ನ ಸುಂಕವನ್ನು ಮುರಿದುಕೊಳ್ಳುವದು. ಆದುದರಿಂದ ಗಿರಣಿಯು ಜಲಪಾತದ ಕಡೆಗೆ ಬರಬೇಕಾಯಿತೇ ಹೊರತು ಜಲಪಾತದ ಬಲವು ಗಿರಣಿಯಿದ್ದ ಊರಿಗೆ ಹೋಗುವಂತಿರಲಿಲ್ಲ. ಕಾಲಾನಂತರ ಗೋಕಾಕದಲ್ಲಿಯೂ ಹಗ್ಗದ ಸ್ಥಾನವನ್ನು ತಂತಿಯು ಆಕ್ರಮಿಸಿತು.

ತಂತಿಯ ಸಾಮರ್ಥ್ಯವನ್ನು ಕನ್ನಡನಾಡು ಮೊದಲು ಕಂಡುದು ಶಿವನಸಮುದ್ರದಲ್ಲಿ. ದಿವಾನ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಮೈಸೂರಿನ ಸೇವೆಯಲ್ಲಿದ್ದ ಕ್ಯಾಪ್ಟನ್ ಡಿ ಲಾಟ್‌ಬಿನಿಯರ್ ಎಂಬ ಇಂಜಿನಿಯರರು ಆ ಯೋಜನೆಯನ್ನು ಸಿದ್ಧಪಡಿಸಿ, ಯುರೋಪು ಅಮೇರಿಕೆಗಳನ್ನು ಸುತ್ತಿ ನೋಡಿಬಂದರು. ೧೯೦೨ನೆಯ ಇಸವಿ ಜೂನ್ ೩೦ರಂದು ಅಲ್ಲಿಯ ವಿದ್ಯುತ್ತು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. ಅಂದು ಪ್ರಪಂಚದಲ್ಲಿಯೇ ಅತಿ ದೂರ ಸಾಗುತ್ತಿದ್ದ ವಿದ್ಯುತ್ತುಗಳಲ್ಲಿ ಅದೊಂದು. ಯೋಜನೆಗೆ ಆಶ್ರಯ ಕೊಟ್ಟ ಶೇಷಾದ್ರಿ ಅಯ್ಯರವರು ೧೯೦೧ರ ಸೆಪ್ಟೆಂಬರದಲ್ಲಿಯೇ ತೀರಿಕೊಂಡಿದ್ದುದರಿಂದ ಆ ದಿನವನ್ನು ಅವರು ಕಾಣಲಿಲ್ಲ. ಬೆಂಗಳೂರು ನಗರಕ್ಕೆ ದೀಪಗಳು ಬಂದುದು ೧೯೦೫ರ ಆಗಸ್ಟಿನಲ್ಲಿ. ಮೊದಲು ಗಣಿಗೆ, ಆಮೇಲೆ ಊರಿಗೆ ಎಂಬ ಈ ಅನುಕ್ರಮವನ್ನು ಹೊಗಳುವವರೂ ಉಂಟು, ಹಳಿಯುವವರೂ ಉಂಟು. ಗಣಿಗಳು ಕೊಟ್ಟ ಹಣವಿಲ್ಲದಿದ್ದರೆ ಊರಿನ ದೀಪಗಳು ಇನ್ನೂ ತಡವಾಗುತ್ತಿದ್ದವೆಂಬದು ಮಾತ್ರ ನಿಶ್ಚಯ.

ಇಷ್ಟು ದೂರಕ್ಕೆ ವಿದ್ಯುತ್ತು ಹೋದದ್ದು ಹೇಗೆ? ತಂತಿಯಲ್ಲಿ ಪ್ರವಾಹವು ಹೆಚ್ಚಿದಷ್ಟೂ ತಂತಿಯು ಕಾಯುವದು. ಕಾದಷ್ಟೂ ಶಕ್ತಿಯು ದಾರಿಯಲ್ಲಿಯೇ ವ್ಯರ್ಥವಾಗುವದು. ಅದೇ ಶಕ್ತಿಯನ್ನು ಹೆಚ್ಚಿನ ಒತ್ತಡದಲ್ಲಿ, ಅಂದರೆ ಹೆಚ್ಚು ವೋಲ್ಟುಗಳಲ್ಲಿ, ಕಳಿಸಿದರೆ ಪ್ರವಾಹವು ಸಣ್ಣದಾಗುವದು. ಒತ್ತಡವನ್ನು ಇಮ್ಮಡಿಸಿದರೆ ನಷ್ಟವು ನಾಲ್ಕರಲ್ಲೊಂದು ಪಾಲಿಗೆ ಇಳಿಯುವದು. ಆದ್ದರಿಂದ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ೩೦ ಸಾವಿರ ವೋಲ್ಟುಗಳಿಗೆ ಏರಿಸಿ ಕಳಿಸಿದರು. ಇದರಿಂದ ತಾಮ್ರವು ಉಳಿಯಿತು. ಆದರೆ ಇನ್ನೊಂದು ತೊಡಕು ಹುಟ್ಟಿತು. ಅಷ್ಟು ಒತ್ತಡದ ವಿದ್ಯುತ್ತು ಕಂಬದ ಮೂಲಕ ಭೂಮಿಗೆ ಇಳಿದುಹೋಗದಂತೆ ತಡೆಯುವ ದ್ರವ್ಯ ಯಾವದು? ಹರಿಯಗೊಡುವ ಲೋಹವನ್ನು ಎಲ್ಲರೂ ಬಲ್ಲರು. ಹರಿಯಗೊಡದ ವಸ್ತುವನ್ನು ಗೆಲ್ಲುವದೇ ಹೆಚ್ಚು ಕಷ್ಟವಾಯಿತು.

ಆ ದ್ರವ್ಯವು ಮಣ್ಣೇ ಆಗಿರುವದು ಬೆಳಗಾವಿ ಖಾನಾಪುರಗಳ ವಾಚಕರಿಗೆ ಸಂತೋಷದ ಸಂಗತಿ. ಖಾನಾಪುರದ ಕುಂಬಾರರ ಕೆಲಸವು ದೂರದವರೆಗೂ ಹೆಸರಾದದ್ದು; ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆಯ ಸಂಸ್ಥೆಯೂ ಆ ಊರಿನಲ್ಲಿಯೇ ನೆಲೆಗೊಂಡಿತು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವದಕ್ಕೆ ಕಾರಣವು ಆ ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳು. ನೀರು ಅವುಗಳಿಂದ ಒಸರಿ ಆರುವಾಗ ಗಡಿಗೆಯ ಉಷ್ಣವನ್ನು ತೆಗೆದುಕೊಂಡು ಹೋಗುವದು. ಗಡಿಗೆಯಲ್ಲಿ ಗುಣವಾದ ಈ ಒಸರುವಿಕೆಯೇ ವಿದ್ಯುತ್ತಿನ ಕಂಬದ ಮೇಲೆ ಮಹಾದೋಷ. ಒಳಗೆ ತೇವವನ್ನು ಹೀರಿದ ಮಣ್ಣು ವಿದ್ಯುತ್ತಿಗೆ ದಾರಿಯನ್ನು ಕೊಡುವದು, ಕಾದು ಸಿಡಿಯುವದು. ಆದುದರಿಂದ ಬಿಳಿಜೇಡಿಯನ್ನೂ ಬೆಣಚುಕಲ್ಲಿನ ಪುಡಿಯನ್ನೂ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನೂ ಕೂಡಿಸಿ, ಸುಮಾರು ೧೩೦೦ ಡಿಗ್ರಿ ಉಷ್ಣಕ್ಕೆ ಸುಡುವರು. ಆಗ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಎಲ್ಲ ರಂಧ್ರಗಳನ್ನೂ ತುಂಬಿಬಿಡುವದು. ಒಡೆದು ನೋಡಿದರೂ ಹನಿ ನೀರು ಹಿಡಿಯದ ಪಿಂಗಾಣಿಯು ಹೀಗೆ ಆಗುವದು. ಕಂಬದ ಮೇಲಿನ ಪಿಂಗಾಣಿಗೆ ಕೊಡೆಯ ಮೇಲೆ ಕೊಡೆಯನ್ನಿಟ್ಟಂಥ ಆಕಾರ ಏಕೆಂದು ಮಕ್ಕಳು ಕೇಳುವದುಂಟು. ಮಲೆನಾಡಿನ ಮನೆಯ ಸೂರಿಗೂ ಅದಕ್ಕೂ ಉದ್ದೇಶ ಒಂದೇ: ಎಷ್ಟೇ ಮಳೆ ಬಂದರೂ ಅಡಿಯ ಭಾಗವು ಒಣಗಿರಬೇಕು, ತೇವದ ದಾರಿಯು ಎಲ್ಲಿಯಾದರೂ ಕಡಿಯಬೇಕು.

ಶಿವನಸಮುದ್ರಕ್ಕೆ ವಿದ್ಯುದ್ಯಂತ್ರಗಳು ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯಿಂದಲೂ ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯಿಂದಲೂ ಬಂದವು. ಹಡಗಿನಿಂದ ಇಳಿದು ರೈಲಿನಲ್ಲಿ ಬಂದ ಆ ಭಾರವನ್ನು ಕೊನೆಯ ದಾರಿಯಲ್ಲಿ ಎಳೆದವು ಎತ್ತುಗಳೂ ಆನೆಗಳೂ. ನೀರು ಮೈಸೂರಿನದು, ಕೂಲಿ ಮೈಸೂರಿನದು, ಚಿನ್ನವೂ ಮೈಸೂರಿನ ನೆಲದ್ದು. ಇವುಗಳನ್ನು ಒಂದಕ್ಕೊಂದು ಹೊಂದಿಸುವ ದ್ರವ್ಯವೆಲ್ಲ ಸಮುದ್ರದಾಚೆಯದು. ಬೇಸಿಗೆಯಲ್ಲಿ ಕಾವೇರಿಯು ಬತ್ತಿದಾಗ ಯಂತ್ರಗಳಿಗೆ ನೀರು ಸಾಲದೆ, ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಮೊದಲಾಯಿತೆಂಬದು ಪ್ರಸಿದ್ಧವೇ ಇದೆ. ಆಗ ಮುಖ್ಯ ಇಂಜಿನಿಯರರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ನೀರಿನ ಕೊರತೆಯನ್ನು ಕಟ್ಟೆಯು ನೀಗಿಸಿತು. ದ್ರವ್ಯದ ಕೊರತೆಗೆ ಕಟ್ಟೆಯನ್ನು ಕಟ್ಟುವಂತಿರಲಿಲ್ಲ. ಅದಕ್ಕೆ ವಿದ್ಯೆಯೇ ಬೇಕಾಗಿತ್ತು.

ಅದೇ ೧೯೧೧ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿ ಪಾಠಗಳು ಆರಂಭವಾದವು. ರಸಾಯನಶಾಸ್ತ್ರದ ಜತೆಯಲ್ಲಿ ಅಲ್ಲಿ ಮೊದಲಿಗೆ ತೆರೆದ ವಿಭಾಗಗಳಲ್ಲಿ ವಿದ್ಯುತ್ತಂತ್ರವೂ ಒಂದು. ಅದರ ಆದ್ಯ ಪ್ರಾಧ್ಯಾಪಕರು ಆಲ್‌ಫ್ರೆಡ್ ಹೇ. ಆದರೂ ಪಾಠದಿಂದ ಪದಾರ್ಥಕ್ಕೆ ಬರಲು ೨೦ ವರ್ಷಗಳು ಹಿಡಿದವು. ೧೯೩೨ರಲ್ಲಿ ಮೈಸೂರು ಸರಕಾರವು ಬೆಂಗಳೂರಿನಲ್ಲಿ, ವಿಜ್ಞಾನಮಂದಿರದ ನೆರೆಯಲ್ಲಿಯೇ, ಪಿಂಗಾಣಿಯ ಕಾರಖಾನೆಯನ್ನು ಸ್ಥಾಪಿಸಿತು. ವಿದ್ಯುತ್ತಿನ ಕಂಬಗಳಿಗೆ ಬೇಕಾದ ತಡೆಗಳು ನಾಡಿನ ಮಣ್ಣಿನಿಂದಲೇ ಆಗತೊಡಗಿದವು. ಅದೇ ದಶಕದಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಮಾಡುವ ಸರಕಾರೀ ವಿದ್ಯುತ್ ಕಾರಖಾನೆಯೂ, ೧೯೩೬ರಲ್ಲಿ ಮೈಸೂರು ದೀಪಗಳ ಕಾರಖಾನೆಯೂ ಬಂದವು. ಪಿಂಗಾಣಿಯ ಕಾರಖಾನೆಯು ೧೯೭೬ರಲ್ಲಿ ಭಾರತ ಹೆವಿ ಇಲೆಕ್ಟ್ರಿಕಲ್ಸ್ ಸಂಸ್ಥೆಯ ವಶಕ್ಕೆ ಹೋಯಿತು. ಇಂಥ ವಸ್ತುಗಳು ಮಾತಿಗೆ ತಕ್ಕಂತೆ ತಡೆಯುವವೋ ಇಲ್ಲವೋ ಎಂಬದನ್ನು ಲಕ್ಷಾಂತರ ವೋಲ್ಟುಗಳ ಕೃತಕ ಸಿಡಿಲಿನಿಂದ ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ೧೯೬೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ದೇಶದ ಯಾವ ಮೂಲೆಯ ಕಾರಖಾನೆಯವನೇ ಆಗಲಿ, ತನ್ನ ಪಿಂಗಾಣಿಯನ್ನು ಹೊತ್ತು ಬಂದು ಅಲ್ಲಿಯ ಸಿಡಿಲಿನ ಮುಂದೆ ಇಡಬೇಕು.

ಇನ್ನು ಕಥೆಯು ಬೆಳಗಾವಿಗೆ ಮರಳುವದು. ತಾಮ್ರವು ಹಿಂದುಸ್ಥಾನದಲ್ಲಿ ಅಲ್ಪ. ಆದರೆ ಅಲ್ಯೂಮಿನಿಯಮ್ಮಿನ ಅದಿರಾದ ಬಾಕ್ಸೈಟು ಸಹ್ಯಾದ್ರಿಯ ಜಂಬಿಟ್ಟಿಗೆಯ ಗುಡ್ಡಗಳ ನೆತ್ತಿಯ ಮೇಲೆ ಸಾಕಷ್ಟಿರುವದು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಅಲ್ಯೂಮಿನಿಯಂ ತಂತಿಯು ತಾಮ್ರದ ನೂರಕ್ಕೆ ೬೦ ಪಾಲು ವಿದ್ಯುತ್ತನ್ನು ಒಯ್ಯುವದು. ತೂಕಕ್ಕೆ ತೂಕ ಹೋಲಿಸಿದರೆ ತಾಮ್ರದ ಎರಡರಷ್ಟು. ನಡುವೆ ಉಕ್ಕಿನ ಎಳೆಯನ್ನಿಟ್ಟು ಸುತ್ತಲೂ ಅಲ್ಯೂಮಿನಿಯಂ ಎಳೆಗಳನ್ನು ಹೆಣೆದರೆ ಬಲಕ್ಕೆ ಬಲ, ಹರಿವಿಗೆ ಹರಿವು. ಹೊಲಗಳ ಮೇಲೆ ಹಾಯ್ದು ಹೋಗುವ ದೊಡ್ಡ ತಂತಿಗಳೆಲ್ಲ ಇಂಥವೇ. ೧೯೬೪ರಿಂದ ಶರಾವತಿಯ ವಿದ್ಯುತ್ತು ನಾಡಿಗೆ ಒದಗಿತು. ಅದಾದ ಮೇಲೆ, ೧೯೭೦ರ ಸುಮಾರಿಗೆ, ಇಂಡಿಯನ್ ಅಲ್ಯೂಮಿನಿಯಂ ಕಂಪನಿಯು ಬೆಳಗಾವಿಯ ಯಮನಾಪುರದಲ್ಲಿ ತನ್ನ ಕಾರಖಾನೆಯನ್ನು ಎಬ್ಬಿಸಿತು.

ಅಲ್ಲಿ ಎರಡು ಕೆಲಸಗಳು ನಡೆದವು. ಇವುಗಳ ಭೇದವನ್ನು ಅರಿಯುವದು ಅವಶ್ಯ. ಮೊದಲನೆಯದು ಅದಿರನ್ನು ಪುಡಿಮಾಡಿ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಒತ್ತಡದಿಂದ ಬೇಯಿಸಿ, ಕೆಂಪು ಕೆಸರನ್ನು ಬೇರೆ ಮಾಡಿ, ಅಲ್ಯೂಮಿನಾ ಎಂಬ ಬಿಳಿಯ ಪುಡಿಯನ್ನು ಪಡೆಯುವದು. ಇದಕ್ಕೆ ಬೇಕಾದದ್ದು ಮುಖ್ಯವಾಗಿ ಉಷ್ಣ. ಎರಡನೆಯದು ಆ ಪುಡಿಯನ್ನು ಕರಗಿದ ಕ್ರಯೊಲೈಟಿನಲ್ಲಿ ಕರಗಿಸಿ, ಪ್ರಚಂಡವಾದ ವಿದ್ಯುತ್ಪ್ರವಾಹವನ್ನು ಹಾಯಿಸಿ, ಲೋಹವನ್ನು ಆಮ್ಲಜನಕದಿಂದ ಬಿಡಿಸುವದು. ಒಂದು ಕಿಲೋ ಲೋಹಕ್ಕೆ ಸುಮಾರು ೧೪ ಯೂನಿಟ್ ವಿದ್ಯುತ್ತು ಬೇಕಾಗುವದು. ಮಿತವಾಗಿ ದೀಪ ಉರಿಸುವ ಬಡಮನೆಯೊಂದು ಎಷ್ಟೋ ದಿನ ಇಷ್ಟರಲ್ಲಿ ಸಾಗಿಸಬಲ್ಲದು. ವಿದ್ಯುತ್ತನ್ನು ಹೊರುವ ತಂತಿಯು ಹುಟ್ಟಬೇಕಾದರೆ ವಿದ್ಯುತ್ತೇ ಆಹಾರವಾಗಬೇಕು, ಬೀಜವೃಕ್ಷನ್ಯಾಯವೆಂದರೆ ಇದೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕರ್ನಾಟಕದ ಜಲಾಶಯಗಳು ಬರಿದಾಗಿ ವಿದ್ಯುತ್ತಿನ ಅಭಾವವೂ ದರವೂ ಏರುತ್ತ ಹೋದವು. ಕರಗಿದ ಕಡಾಯಿಗಳು ತಣಿದರೆ ಒಳಗಿನದೆಲ್ಲ ಗಟ್ಟಿಯಾಗಿ ಕೆಟ್ಟುಹೋಗುವದರಿಂದ, ಈ ಉದ್ಯಮವು ಇಂದು ನಡೆಸಿ ನಾಳೆ ನಿಲ್ಲಿಸುವಂಥದಲ್ಲ. ಕೊನೆಗೆ ಬೆಳಗಾವಿಯಲ್ಲಿ ಲೋಹವನ್ನು ತೆಗೆಯುವ ಎರಡನೆಯ ಕೆಲಸವು ನಿಂತಿತು. ಮೊದಲನೆಯದು ಉಳಿದು, ಮುಂದೆ ಹಿಂಡಾಲ್ಕೊ ಕಂಪನಿಯ ಕೈಸೇರಿ, ಪಿಂಗಾಣಿಗೂ ಉಷ್ಣವನ್ನು ತಾಳುವ ಇಟ್ಟಿಗೆಗಳಿಗೂ ಬೇಕಾದ ವಿಶೇಷ ಜಾತಿಯ ಅಲ್ಯೂಮಿನಾವನ್ನು ಕೊಡುತ್ತಲಿರುವದು. ಹರಿಯಗೊಡುವ ದ್ರವ್ಯವನ್ನು ಮಾಡಲೆಂದು ಬಂದ ಕಾರಖಾನೆಯು ಹರಿಯಗೊಡದ ದ್ರವ್ಯವನ್ನು ಮಾಡುತ್ತ ಬದುಕಿಕೊಂಡಿತು. ಜಿಲ್ಲೆಯ ಔದ್ಯೋಗಿಕ ಇತಿಹಾಸದಲ್ಲಿ ಇಷ್ಟು ಬೆಲೆಯುಳ್ಳ ಇನ್ನೊಂದು ಪಾಠವಿಲ್ಲವಾದರೂ ಅದನ್ನು ಬರೆದವರು ಕಡಿಮೆ.

ಅಲ್ಯೂಮಿನಾ ಎಂದರೆ ಕೇವಲ ಬಿಳಿಯ ಪುಡಿಯೆಂದು ತಿಳಿಯಬಾರದು. ಅದೇ ದ್ರವ್ಯವು ಹರಳಾಗಿ, ಚಿಟಿಕೆಯಷ್ಟು ಕ್ರೋಮಿಯಮ್ಮನ್ನು ಕೂಡಿಕೊಂಡರೆ ಮಾಣಿಕ್ಯವಾಗುವದು. ಈ ಮಾಣಿಕ್ಯದ ಮೂಲಕ ಬಿಸಿಲಿನ ವಿದ್ಯೆಗೆ ಬಂದ ವಿದುಷಿಯೊಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ೧೯೧೮ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅಣ್ಣಾ ಮಾಣಿಯವರು ೧೯೪೦ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳು ಬೆಳಕನ್ನು ಹೇಗೆ ನುಂಗಿ ಹೇಗೆ ಹೊರಚೆಲ್ಲುವವೆಂಬದನ್ನು ೫ ವರ್ಷ ಅಭ್ಯಾಸ ಮಾಡಿದರು. ಅವರಿಗೆ ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದ್ರಾಸ್ ವಿಶ್ವವಿದ್ಯಾಲಯವು ಡಾಕ್ಟರೇಟನ್ನು ಕೊಡಲಿಲ್ಲ. ಮುಂದೆ ಹವಾಮಾನ ಇಲಾಖೆಯನ್ನು ಸೇರಿ, ೧೯೫೭-೫೮ರ ಅಂತರರಾಷ್ಟ್ರೀಯ ಭೂಭೌತಿಕ ವರ್ಷದ ಕಾಲದಲ್ಲಿ ದೇಶದಲ್ಲಿ ಬಿಸಿಲನ್ನು ಅಳೆಯುವ ಠಾಣೆಗಳ ಸಾಲನ್ನೇ ಸ್ಥಾಪಿಸಿದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿದ್ದುಕೊಂಡು ೧೯೮೦ರಲ್ಲಿ ಹಿಂದುಸ್ಥಾನದ ಸೌರವಿಕಿರಣದ ಅಂಕಿಗಳ ಕೈಪಿಡಿಯನ್ನು ಪ್ರಕಟಿಸಿದರು. ಗಾಳಿಯ ಶಕ್ತಿಯನ್ನೂ ಹಾಗೆಯೇ ಅಳೆಸಿದರು. ಅಳತೆಯಿಲ್ಲದ ಸಂಪತ್ತು ಸಂಪತ್ತೇ ಅಲ್ಲ. ಇಂದು ಬಿಸಿಲಿನ ಹಲಗೆಗಳನ್ನು ಹಾಸುವವರು ಮಾಡುವ ಲೆಕ್ಕದ ಬುಡದಲ್ಲಿ, ಡಾಕ್ಟರೇಟು ದೊರೆಯದ ಆ ವಿದುಷಿಯ ಲೆಕ್ಕವಿರುವದು.

ಅದೇ ವಿಜ್ಞಾನಮಂದಿರದ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರದು ಬೇರೆಯೇ ದಾರಿ. ವಿದ್ಯುದ್ರಸಾಯನದಲ್ಲಿ ಪಂಡಿತರಾಗಿ, ಬೊಕ್ರಿಸ್ ಎಂಬವರ ಕೂಡ ಬರೆದ ೧೯೭೦ರ ಗ್ರಂಥದಿಂದ ಪ್ರಪಂಚದಲ್ಲೆಲ್ಲ ಪ್ರಸಿದ್ಧರಾಗಿದ್ದ ಅವರು, ೧೯೭೪ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಗಳನ್ನು ಹುಡುಕುವ ‘ಅಸ್ತ್ರ’ ಎಂಬ ಕೇಂದ್ರವನ್ನು 
ಹುಟ್ಟುಹಾಕಿದರು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ದನಗಳ ಸಗಣಿಯಿಂದ ಅನಿಲವನ್ನೂ, ಅನಿಲದಿಂದ ವಿದ್ಯುತ್ತನ್ನೂ, ವಿದ್ಯುತ್ತಿನಿಂದ ಮನೆಮನೆಗೆ ನೀರನ್ನೂ ದೀಪವನ್ನೂ ಕೊಟ್ಟ ಪ್ರಯೋಗವು ಆ ಕೇಂದ್ರದ್ದೇ. ದ್ರವ್ಯವನ್ನು ಸಮುದ್ರದಾಚೆ ಹುಡುಕದೆ ಕೊಟ್ಟಿಗೆಯಲ್ಲಿ ಹುಡುಕಿದ್ದು ಅದರ ವಿಶೇಷ.

ಬಿಸಿಲಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಸಿಲಿಕಾನ್ ಬಿಲ್ಲೆಯನ್ನು ೧೯೫೪ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯವರು ಕಂಡುಹಿಡಿದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ೬ ಪಾಲು ಮಾತ್ರ ಅಂದು ವಿದ್ಯುತ್ತಾಗುತ್ತಿತ್ತು. ಇಂದಿನ ಹಲಗೆಗಳಲ್ಲಿ ೨೦ ಪಾಲನ್ನು ಮೀರಿರುವದು. ಸಿಲಿಕಾನೆಂದರೆ ಮರಳಿನ ಸಾರವೇ. ಆದರೆ ಮರಳಿನಿಂದ ಅದನ್ನು ಬಿಡಿಸಿ, ಕೋಟಿಗೊಂದು ಪಾಲಿಗೂ ಕಡಮೆ ಕಲ್ಮಷವಿರುವಂತೆ ಶುದ್ಧಮಾಡಿ, ಸಾವಿರದ ನಾಲ್ಕುನೂರು ಡಿಗ್ರಿಯಲ್ಲಿ ಕರಗಿಸಿ ಹರಳನ್ನು ಎಳೆಯುವದು ಮರಳನ್ನು ಜರಡಿ ಹಿಡಿದಂಥ ಕೆಲಸವಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹವು ೧೯೭೫ರಲ್ಲಿ ಆಕಾಶಕ್ಕೇರಿದಾಗ ಅದರ ಬಿಸಿಲಿನ ಹಲಗೆಗಳು ಸೋವಿಯತ್ ದೇಶದಿಂದ ಬಂದವಾಗಿದ್ದವು. ಶಿವನಸಮುದ್ರದ ಕಥೆಯೇ ಮತ್ತೊಮ್ಮೆ. ನೆಲದ ಮೇಲೆ ಕರ್ನಾಟಕ ವಿದ್ಯುತ್ ನಿಗಮವು ೨೦೧೦ರ ಸುಮಾರಿಗೆ ಸ್ಥಾಪಿಸಿದ ಮೊದಲ ಸೌರಕೇಂದ್ರಗಳಲ್ಲಿ ಒಂದು ಈ ಜಿಲ್ಲೆಯ ಚಿಕ್ಕೋಡಿ ಸೀಮೆಯ ಇಟ್ನಾಳದಲ್ಲಿರುವದು. ಅದರ ಸಾಮರ್ಥ್ಯವು ೩ ಮೆಗಾವ್ಯಾಟು. ಉದ್ದೇಶವು ತಂತಿಯ ತುದಿಯಲ್ಲಿದ್ದು ಬಲಗುಂದುತ್ತಿದ್ದ ನೀರಾವರಿಯ ಪಂಪುಗಳಿಗೆ ನೆರವಾಗುವದು. ಮುಂದೆ ೨೦೧೮ರಿಂದ ಪಾವಗಡದಲ್ಲಿ ರೈತರ ೧೩ ಸಾವಿರ ಎಕರೆ ನೆಲವನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ಹಾಸಿದ ಹಲಗೆಗಳ ಸಾಮರ್ಥ್ಯವು ೨೦೫೦ ಮೆಗಾವ್ಯಾಟು. ಅದರ ಮುಂದೆ ಇಟ್ನಾಳವು ಹೊಲದ ಬದುವಿನಷ್ಟು. ಆದರೂ ಮೊದಲು ಬಿತ್ತಿದ ಹೊಲದ ಹೆಸರನ್ನು ಇತಿಹಾಸವು ಮರೆಯಬಾರದು.

ಬಿಸಿಲು ಹೆಚ್ಚಿದಲ್ಲಿ ವಿದ್ಯುತ್ತೂ ಹೆಚ್ಚೆಂಬ ಎಣಿಕೆಯು ಅರ್ಧ ನಿಜ. ಸಿಲಿಕಾನಿಗೆ ಬೆಳಕು ಬೇಕು, ಉಷ್ಣವು ಬೇಡ. ಹಲಗೆಯ ಕಾವು ಒಂದೊಂದು ಡಿಗ್ರಿ ಏರಿದಂತೆ ಅದರ ಫಲವು ನೂರಕ್ಕೆ ಸುಮಾರು ೦.೪ ಪಾಲು ಇಳಿಯುವದು. ಬಯಲುಸೀಮೆಯ ಮಧ್ಯಾಹ್ನದಲ್ಲಿ ಹಲಗೆಯು ೬೦ ಡಿಗ್ರಿಗೆ ಕಾದರೆ, ೨೫ ಡಿಗ್ರಿಯಲ್ಲಿ ಕೊಡುತ್ತಿದ್ದುದರ ಏಳರಲ್ಲೊಂದು ಪಾಲು ಹೋದಂತೆಯೇ. ಪರದೇಶದ ತಂಪಿನಲ್ಲಿ ಬೆಳೆದ ದ್ರವ್ಯಕ್ಕೆ ಇಲ್ಲಿಯ ಬಿಸಿಲು, ಇಲ್ಲಿಯ ಧೂಳು, ಇಲ್ಲಿಯ ಮಳೆಗಳ ಪರಿಚಯವನ್ನು ಮಾಡಿಕೊಡುವವರು ಇಲ್ಲಿಯವರೇ ಆಗಬೇಕು.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಮಚ್ಛೆಯು ಇಂಥ ಪರಿಚಯದ ಕೆಲಸಕ್ಕೆ ಒಪ್ಪುವ ಸ್ಥಳ. ೧೯೯೮ನೆಯ ಇಸವಿ ಏಪ್ರಿಲ್ ೧ರಂದು ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’ವು ಅಲ್ಲಿಯೇ ಇರುವದು. ಕನ್ನಂಬಾಡಿಯ ಕೆಲಸವನ್ನು ಆರಂಭಿಸಿದವರ ಹೆಸರನ್ನು ಹೊತ್ತ ಈ ವಿದ್ಯಾಪೀಠವು ನಾಡಿನ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಕ್ರಮವನ್ನೂ ಪರೀಕ್ಷೆಯನ್ನೂ ಪದವಿಯನ್ನೂ ವಿಧಿಸುವದು. ಮಗ್ಗುಲಲ್ಲಿಯೇ ಮಚ್ಛೆಯ ಔದ್ಯೋಗಿಕ ವಸಾಹತು. ಸ್ವಲ್ಪ ಆಚೆಗೆ ಉದ್ಯಮಬಾಗದ ಎರಕದ ಕಾರಖಾನೆಗಳು. ಕುಲುಮೆಯ ಬಣ್ಣವನ್ನು ಕಂಡೇ ಲೋಹದ ಹದವನ್ನು ಹೇಳಬಲ್ಲ ಕೆಲಸಗಾರರು ಅಲ್ಲಿರುವರು. ಸೂತ್ರದಿಂದ ಅದೇ ಹದವನ್ನು ಲೆಕ್ಕಿಸಬಲ್ಲ ವಿದ್ಯಾರ್ಥಿಗಳು ಇಲ್ಲಿರುವರು. ಇಬ್ಬರ ನಡುವೆ ಇರುವ ದೂರವು ಕೆಲವು ಫರ್ಲಾಂಗುಗಳಷ್ಟೇ. ಅದನ್ನು ದಾಟಿದವರು ಮಾತ್ರ ಇನ್ನೂ ಸಾಕಷ್ಟಿಲ್ಲ. ದ್ರವ್ಯಶಾಸ್ತ್ರವನ್ನು ಒಂದು ಶಾಲೆಯಲ್ಲಿಯೂ ವಿದ್ಯುಚ್ಛಾಸ್ತ್ರವನ್ನು ಇನ್ನೊಂದು ಶಾಲೆಯಲ್ಲಿಯೂ ಬೇರೆಬೇರೆಯಾಗಿ ಕಲಿಸುವ ರೂಢಿಯೂ ಈ ದೂರವನ್ನು ಹೆಚ್ಚಿಸಿತು. ಗೋಕಾಕದ ಹಗ್ಗವನ್ನು ಬಲ್ಲವರಿಗೆ ಈ ಎರಡೂ ಒಂದೇ ವಿದ್ಯೆಯ ಎರಡು ಮುಖಗಳೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಪ್ರಪಂಚದ ಎಲ್ಲ ವಿದ್ಯಾಪೀಠಗಳ ಕಣ್ಣೂ ಪೆರೊವ್‌ಸ್ಕೈಟ್ ಎಂಬ ಹರಳಿನ ಜಾತಿಯ ಮೇಲೆ ನೆಟ್ಟಿರುವದು. ೧೮೩೯ರಲ್ಲಿ ಉರಲ್ ಪರ್ವತಗಳಲ್ಲಿ ದೊರೆತ ಒಂದು ಖನಿಜದಿಂದ ಈ ಹೆಸರು ಬಂದಿತು. ಅದೇ ಕಟ್ಟಡದ ಕೃತಕ ಹರಳುಗಳಿಂದ ೨೦೦೯ರಲ್ಲಿ ಜಪಾನಿನ ಮಿಯಾಸಾಕಾ ಎಂಬವರು ಬಿಸಿಲಿನ ಬಿಲ್ಲೆಯನ್ನು ಮಾಡಿದಾಗ ನೂರಕ್ಕೆ ೩.೮ ಪಾಲು ಮಾತ್ರ ವಿದ್ಯುತ್ತಾಯಿತು. ಹನ್ನೆರಡು ಹದಿಮೂರು ವರ್ಷಗಳಲ್ಲಿ ಅದು ೨೫ನ್ನು ದಾಟಿತು. ಸಿಲಿಕಾನಿಗೆ ೬೦ ವರ್ಷ ಹಿಡಿದ ದಾರಿ ಅದು. ಇದಕ್ಕೆ ಕುಲುಮೆಯ ಕಾವು ಬೇಡ. ದ್ರಾವಣವನ್ನು ಗಾಜಿನ ಮೇಲೆ ಬಣ್ಣದಂತೆ ಹಚ್ಚಿ ಆರಿಸಿದರೆ ಸಾಕು. ಪದರದ ದಪ್ಪವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೂ ಕಡಮೆ. ಆದರೆ ಒಳಗೆ ಸೀಸವಿರುವದು. ಅದಕ್ಕಿಂತ ಹೆಚ್ಚಿನ ದೋಷವೆಂದರೆ ತೇವ ತಗಲಿದೊಡನೆ ಹರಳು ಕರಗಿ ಹಳದಿಯಾಗಿ ಸತ್ತುಹೋಗುವದು. ಖಾನಾಪುರದ ಗಡಿಗೆಯೂ ಶಿವನಸಮುದ್ರದ ಪಿಂಗಾಣಿಯೂ ಎದುರಿಸಿದ ವೈರಿಯೇ ಇಲ್ಲಿಯೂ ಬಂದು ನಿಂತಿರುವದು. ಎರಡು ಗಾಜುಗಳ ನಡುವೆ ಇದನ್ನು ಮುಚ್ಚಿ, ಅಂಚುಗಳಿಗೆ ಅಂಟನ್ನು ಬಿಗಿದು, ೮೫ ಡಿಗ್ರಿ ಉಷ್ಣದಲ್ಲಿ ನೂರಕ್ಕೆ ೮೫ ಪಾಲು ಆರ್ದ್ರತೆಯ ಪೆಟ್ಟಿಗೆಯಲ್ಲಿ ೧೦೦೦ ಗಂಟೆ ಇಟ್ಟು ಪರೀಕ್ಷಿಸುವದು ಈಗಿನ ಅಂತರರಾಷ್ಟ್ರೀಯ ಕ್ರಮ. ಸಾವಿರ ಗಂಟೆಗಳೆಂದರೆ ೪೨ ದಿನಗಳು. ಖಾನಾಪುರದ ಕಾಡಿನಂಚಿನಲ್ಲಿ ಮೃಗಶಿರೆಗೆ ಹಿಡಿದ ಮಳೆಯು ಹಸ್ತದವರೆಗೂ ಬಿಡುವದಿಲ್ಲ.